ಕೆನೆಯಲ್ಲಿ ಬೆಕ್ಕು, ಮೆಣಸಿನಕಾಯಿಗೆ ಟೋಪಿ

ಅಡುಗೆಮನೆಯ ಆರ್ಡರ್ ಚೀಟಿಯೊಂದು ನನ್ನ ಮೇಜಿನ ಗಾಜಿನ ಕೆಳಗಿದೆ. ಥರ್ಮಲ್ ಕಾಗದ, ದಿನ ಕಳೆದಂತೆ ಮಾಸುತ್ತಿದೆ. ಅದು ಪೂರ್ತಿ ಬೆಳ್ಳಗಾಗುವ ಮೊದಲು ನಡೆದದ್ದನ್ನು ಬರೆದಿಡುತ್ತೇನೆ. ಇದೇ ತಂಟೆ ಇನ್ನೊಂದು ಅಂಗಡಿಯಲ್ಲಿ ಎದುರಾದರೆ ನಾನೇ ಮತ್ತೆ ಮೊದಲಿನಿಂದ ತಡಕಾಡುವುದು ಖಂಡಿತ.

ಬೆಳಗಾವಿಯ ಟಿಳಕವಾಡಿಯಲ್ಲಿ ಗೆಳೆಯನ ಬೇಕರಿ ಇದೆ. ಮುಂದೆ ಗಲ್ಲೆ, ಪಕ್ಕದಲ್ಲಿ ಆರು ಮೇಜು, ಹಿಂದೆ ಅಡುಗೆಮನೆ. ವ್ಯವಹಾರವೆಲ್ಲ ಅವನ ಹೆಂಡತಿಯದು. ನಾನು ಅವರನ್ನು ವೈನಿ ಎಂದು ಕರೆಯುತ್ತೇನೆ. ಜುಲೈ ಮಳೆಗೆ ಅಡುಗೆಮನೆಯ ಗೋಡೆ ಸೋರಿ ಅಲ್ಲಿದ್ದ ಹಳೆಯ ಪ್ರಿಂಟರ್ ನೀರು ಕುಡಿದು ಸತ್ತಿತು. ಹೊಸದು ತಂದರು. ಅದೇ ವಾರ ವೈನಿಯ ಅಣ್ಣನ ಮಗ ಮೆನುವನ್ನು ಪೂರ್ತಿ ಬದಲಿಸಿದ. ಅವನು ಗೋವಾದಲ್ಲಿ ಎರಡು ವರ್ಷ ಕೆಲಸ ಕಲಿತು ಬಂದವನು. ಫ್ರೆಂಚ್, ಸ್ಪ್ಯಾನಿಷ್, ಪೋರ್ಚುಗೀಸ್ ಹೆಸರುಗಳ ಅಕ್ಷರಗಳ ತಲೆಯ ಮೇಲೆ ಇರಬೇಕಾದ ಗೀರು, ಚಾವಣಿ, ಅಲೆಗಳನ್ನೆಲ್ಲ ಒಂದೂ ಬಿಡದೆ ಹಾಕಿದ್ದ. ಒಂದೇ ವಾರದಲ್ಲಿ ಎರಡು ಬದಲಾವಣೆ ಎಂದರೆ ರಿಪೇರಿ ಮಾಡುವವನ ಪಾಲಿಗೆ ಸಾಡೇಸಾತಿ. ಮೆನು ಬರೆದವನು ಪ್ರಿಂಟರನ್ನು ಬೈಯುತ್ತಾನೆ, ಪ್ರಿಂಟರ್ ಮಾರಿದವನು ಮೆನುವನ್ನು ಬೈಯುತ್ತಾನೆ.

ಮಂಗಳವಾರ ಸಂಜೆ ನಾನು ಹೋದಾಗ ವೈನಿ ಈ ಚೀಟಿಯನ್ನು ಕೈಗಿಟ್ಟರು. ಮೊದಲ ಸಾಲು ಕ್ರೆಮ್ ಬ್ರೂಲೆ, ಅಂದರೆ ಕೆನೆಯ ಫ್ರೆಂಚ್ ಸಿಹಿ, ಆಗಬೇಕಿತ್ತು. ಇಂಗ್ಲಿಷ್ ಅಕ್ಷರಗಳಲ್ಲಿ ಸಿ, ಆರ್ ಬಂದಿದ್ದವು. ನಂತರ ಒಂದು ಚೀನೀ ಅಕ್ಷರ. ನಂತರ ಎಂ, ಇ. ಮುಂದಿನ ಪದದಲ್ಲಿ ಬಿ, ಆರ್ ಆದ ಮೇಲೆ ಇನ್ನೊಂದು ಚೀನೀ ಅಕ್ಷರ, ಎಲ್, ಮತ್ತೊಂದು ಚೀನೀ ಅಕ್ಷರ, ಕೊನೆಗೆ ಇ. ಎರಡನೆಯ ಸಾಲು ಹಲಪೆನ್ಯೊ ಮೆಣಸಿನಕಾಯಿಯ ಚೀಸ್ ಟೋಸ್ಟ್. ಅಲೆ ಹೊತ್ತ ಎನ್ ಇರಬೇಕಾದ ಜಾಗದಲ್ಲಿ ಮತ್ತೊಂದು ಚೀನೀ ಅಕ್ಷರ ಕುಳಿತಿತ್ತು.

ವೈನಿಯ ಮಗಳು ಅಷ್ಟರಲ್ಲಾಗಲೇ ಮೊಬೈಲ್ ಕ್ಯಾಮೆರಾ ಹಿಡಿದು ಅನುವಾದ ಮಾಡಿಸಿದ್ದಳು. ಮೊದಲನೆಯ ಅಕ್ಷರಕ್ಕೆ ಬೆಕ್ಕು ಎಂದರ್ಥ. ಎರಡನೆಯದಕ್ಕೆ ‘ಇಲ್ಲ’ ಎಂದರ್ಥ. ಮೂರನೆಯದು ಒಂದು ಜಾತಿಯ ಹುಲ್ಲು. ಮೆಣಸಿನಕಾಯಿಯಲ್ಲಿದ್ದದ್ದು ಟೋಪಿ.

“ಕಾಕಾ, ನಮ್ಮ ಕೆನೆಯಲ್ಲಿ ಬೆಕ್ಕು ಬಿದ್ದಿದೆ” ಎಂದಳು.

“ಗಿರಾಕಿಗೆ ಟೋಪಿ ಹಾಕುವ ಅಂಗಡಿ ಎಂದು ಹೆಸರು ಬರುವ ಮೊದಲು ಇದನ್ನು ಸರಿ ಮಾಡಿಕೊಡಿ” ಎಂದು ವೈನಿ ಒಳಗೆ ಹೋದರು.

ನನಗೆ ನಗು ಬಂದದ್ದು ಬೇರೆ ಕಾರಣಕ್ಕೆ. ಪ್ರಿಂಟರ್ ರಿಪೇರಿಗೆ ಇಳಿಯುವ ಮೊದಲು ನಾನು ಡಿಟಿಪಿ ಕೆಲಸ ಮಾಡುತ್ತಿದ್ದೆ. ‘ನುಡಿ’ ತಂತ್ರಾಂಶದ ಫಾಂಟಿನಲ್ಲಿ ಟೈಪ್ ಮಾಡಿದ ಕಡತವನ್ನು ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ‘ಕನ್ನಡ’ ಎಂಬ ಪದ ಹೇಗೆ ಕಾಣುತ್ತಿತ್ತು ಎಂಬುದು ಆ ಕಾಲದವರಿಗೆಲ್ಲ ನೆನಪಿರುತ್ತದೆ: ಪಿ, ತಲೆಯ ಮೇಲೆ ಗೀರು ಬಿದ್ದ ಎ, ಪೌಂಡ್ ಗುರುತು, ಮತ್ತೆ ಗೀರಿನ ಎ, ಜರ್ಮನ್ನರ ಜೋಡಿ ಎಸ್, ಕ್ಯೂ, ಮತ್ತೆ ಗೀರಿನ ಎ. ಇಂಗ್ಲಿಷಿಗೆ ಬೇಡವಾದ ಯುರೋಪಿನ ಅಕ್ಷರಗಳ ಮನೆಗಳಲ್ಲಿ ನಾವು ಕನ್ನಡದ ತುಂಡುಗಳನ್ನು ಬಾಡಿಗೆಗೆ ಇಟ್ಟಿದ್ದೆವು. ಅಂದು ಯುರೋಪಿನ ಮನೆಯಲ್ಲಿ ಕನ್ನಡ ಇತ್ತು; ಇಂದು ಯುರೋಪಿನ ಮನೆಯಲ್ಲಿ ಚೀನಾ ಇದೆ. ಕಾಯಿಲೆ ಅದೇ.

ಆದರೂ ನೋಡದೆ ಹೇಳಬಾರದು. ಗಲ್ಲೆಯ ಬಳಿಯ ಪ್ರಿಂಟರ್ ಹಳೆಯದೇ ಇತ್ತು. ಅದೇ ಕ್ರೆಮ್ ಬ್ರೂಲೆಯ ಬಿಲ್ಲನ್ನು ಅದರಲ್ಲಿ ತೆಗೆಸಿದೆ. ಚೀನೀ ಅಕ್ಷರ ಬರಲಿಲ್ಲ, ಸರಿಯಾಗಿಯೂ ಬರಲಿಲ್ಲ. ಬೆಕ್ಕಿನ ಜಾಗದಲ್ಲಿ ಕೋಷ್ಟಕದ ಗೆರೆಯ ಒಂದು ತುಂಡು, ಅದರ ಪಕ್ಕ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆ. ಇಷ್ಟು ದಿನ ಬಿಲ್ಲಿನಲ್ಲಿ ಹೀಗೇ ಬರುತ್ತಿತ್ತಂತೆ. ಗಿರಾಕಿಗಳು ಬಿಲ್ಲಿನ ಮೊತ್ತ ನೋಡುತ್ತಾರೆಯೇ ಹೊರತು ಹೆಸರು ನೋಡುವುದಿಲ್ಲ, ಹಾಗಾಗಿ ಯಾರೂ ದೂರು ಹೇಳಿರಲಿಲ್ಲ.

ಒಂದೇ ಹೆಸರಿಗೆ ಎರಡು ಪ್ರಿಂಟರುಗಳಲ್ಲಿ ಎರಡು ಬಗೆಯ ಕಸ ಬಂದಿತು. ಇದು ನನಗೆ ಸಿಕ್ಕ ಮೊದಲ ಹಿಡಿ. ಹೋಗುತ್ತಿರುವ ಸಂಖ್ಯೆಗಳು ಒಂದೇ, ಓದುವ ಕಣ್ಣು ಬೇರೆ.

ಬಿಲ್ಲಿನ ತಂತ್ರಾಂಶ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿದೆ. ಇಲ್ಲಿಯೇ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗನೊಬ್ಬ ಬರೆದುಕೊಟ್ಟದ್ದು. ಈಗ ಬೇರೆ ಊರಿನಲ್ಲಿದ್ದಾನೆ, ಆದರೆ ಮೂಲ ಕಡತಗಳನ್ನು ಯಂತ್ರದಲ್ಲೇ ಬಿಟ್ಟುಹೋಗುವಷ್ಟು ಸೌಜನ್ಯ ತೋರಿದ್ದ. ಪ್ರಿಂಟರಿಗೆ ಹೋಗುವ ಬೈಟುಗಳನ್ನು, ಅಂದರೆ 0ಯಿಂದ 255ರವರೆಗಿನ ಸಂಖ್ಯೆಗಳನ್ನು, ಒಂದು ಕಡತಕ್ಕೂ ಬರೆಸುವ ಎರಡು ಸಾಲು ಸೇರಿಸಿ ನೋಡಿದೆ. ಕ್ರೆಮ್ ಪದದ ಗೀರಿನ ಇ ಅಕ್ಷರ 195, 168 ಎಂದು ಎರಡು ಬೈಟಾಗಿ ಹೋಗುತ್ತಿತ್ತು. ಅಂದರೆ ತಂತ್ರಾಂಶ ಲೋಕದ ಲಿಪಿಗಳನ್ನೆಲ್ಲ ಹಿಡಿಯುವ ಯುಟಿಎಫ್-8 ಎಂಬ ಸಂಕೇತದಲ್ಲಿ ಕಳಿಸುತ್ತಿದೆ, ಪ್ರಿಂಟರುಗಳಿಗೆ ಆ ಭಾಷೆಯೇ ಬಾರದು.

ಇಂಥ ಪ್ರಿಂಟರುಗಳು ಎಪ್ಸನ್ ಕಂಪನಿ ರೂಪಿಸಿದ ಇಎಸ್‌ಸಿ-ಪಿಒಎಸ್ ಆಜ್ಞೆಗಳನ್ನು ಪಾಲಿಸುತ್ತವೆ. ತಯಾರಿಸಿದವರು ಯಾರೇ ಇರಲಿ, ಆಜ್ಞೆಗಳು ಹೆಚ್ಚುಕಡಿಮೆ ಇವೇ. ಇವುಗಳಿಗೆ ಅಕ್ಷರ ಎಂದರೆ ಒಂದು ಬೈಟ್. 127ರವರೆಗಿನ ಸಂಖ್ಯೆಗಳಲ್ಲಿ ಯಾರಿಗೂ ಜಗಳವಿಲ್ಲ, ಇಂಗ್ಲಿಷ್ ಅಲ್ಲಿಗೆ ಮುಗಿಯುತ್ತದೆ. 128ರಿಂದ 255ರವರೆಗಿನದು ಊರಿಗೊಂದು ರೂಢಿ. ಆ ರೂಢಿಗೆ ಕೋಡ್ ಪೇಜ್ ಎಂದು ಹೆಸರು. ಗಲ್ಲೆಯ ಪ್ರಿಂಟರ್ 437 ಎಂಬ ಕೋಡ್ ಪೇಜಿನಲ್ಲಿತ್ತು. 1981ರಲ್ಲಿ ಬಂದ ಐಬಿಎಂ ಪಿಸಿಯ ಅಕ್ಷರಮಾಲೆ ಅದು. ಅದರಲ್ಲಿ 195 ಎಂದರೆ ಗೆರೆಯ ತುಂಡು, 168 ಎಂದರೆ ತಲೆಕೆಳಗಾದ ಪ್ರಶ್ನಾರ್ಥಕ. ಲೆಕ್ಕ ಸರಿಯಾಯಿತು.

ಅಡುಗೆಮನೆಯ ಹೊಸ ಪ್ರಿಂಟರ್ ಬೇರೆ ಸ್ವಭಾವದ್ದು. ಫೀಡ್ ಗುಂಡಿ ಒತ್ತಿ ಹಿಡಿದು ಸ್ವಿಚ್ ಹಾಕಿದರೆ ತನ್ನ ಜಾತಕವನ್ನು ತಾನೇ ಮುದ್ರಿಸಿ ಕೊಡುತ್ತದೆ. ಅದರಲ್ಲಿ ಚೀನೀ ಮೋಡ್ ಚಾಲನೆಯಲ್ಲಿದೆ ಎಂದು ಸ್ಪಷ್ಟವಾಗಿ ಬರೆದಿತ್ತು. ಆ ಮೋಡಿನಲ್ಲಿ 127 ದಾಟಿದ ಬೈಟ್ ಕಂಡ ಕೂಡಲೇ ಅದು ಒಂಟಿ ಎಂದು ಪ್ರಿಂಟರ್ ಒಪ್ಪುವುದಿಲ್ಲ. ಮುಂದಿನ ಬೈಟನ್ನೂ ಎಳೆದುಕೊಂಡು ಎರಡನ್ನೂ ಸೇರಿಸಿ ಒಂದು ಚೀನೀ ಅಕ್ಷರ ಮಾಡುತ್ತದೆ. ಚೀನಾದ ಆ ಸಂಕೇತದಲ್ಲಿ 195, 168 ಜೋಡಿ ಬೆಕ್ಕು. 195, 177 ಟೋಪಿ. ಯುಟಿಎಫ್-8ರಲ್ಲಿ ಈ ಬಗೆಯ ಸಣ್ಣಕ್ಷರಗಳೆಲ್ಲ 195ರಿಂದಲೇ ಆರಂಭವಾಗುವುದರಿಂದ ಪ್ರತಿಯೊಂದಕ್ಕೂ ಅಚ್ಚುಕಟ್ಟಾಗಿ ಒಂದೊಂದು ಚೀನೀ ಅಕ್ಷರ ಸಿಗುತ್ತದೆ. ಕಸ ಇಷ್ಟು ಸುಂದರವಾಗಿ ಬರುವುದು ಅಪರೂಪ.

ಬುಧವಾರ. ತಂತ್ರಾಂಶದಲ್ಲಿ ಯುಟಿಎಫ್-8 ಎಂದಿದ್ದ ಕಡೆ 437 ಎಂದು ಬದಲಿಸಿದೆ. ಗಲ್ಲೆಯಲ್ಲಿ ಕ್ರೆಮ್ ಬ್ರೂಲೆ ಗೀರು ಸಮೇತ ಮುತ್ತಿನಂತೆ ಬಂದಿತು. ಇಷ್ಟೇ ತಾನೇ ಎಂದು ಚಹಾ ಕುಡಿಯಲು ಕುಳಿತೆ. ಅಡುಗೆಮನೆಯಿಂದ ಮಾಮಾ ಚೀಟಿ ಹಿಡಿದು ಹೊರಗೆ ಬಂದರು. ಮಾಮಾ ಅಲ್ಲಿನ ಬಾಣಸಿಗ. ಮರಾಠಿ ಮನೆಮಾತು, ಕನ್ನಡ ಅಂಗಡಿಮಾತು, ಇಂಗ್ಲಿಷನ್ನು ಊಹೆಯ ಮೇಲೆ ಓದುತ್ತಾರೆ.

“ಸಾಹೇಬರೇ, ಮೊದಲಾದರೂ ಬರೀ ಬೆಕ್ಕು ಇತ್ತು. ಈಗ ಅದು ಪಕ್ಕದ ಅಕ್ಷರವನ್ನೂ ತಿನ್ನುತ್ತಿದೆ.”

ನೂರಕ್ಕೆ ನೂರು ನಿಜ. ಈಗ ಗೀರಿನ ಇ ಒಂದೇ ಬೈಟ್, 138. ಚೀನೀ ಮೋಡಿನ ಪ್ರಿಂಟರಿಗೆ ಜೋಡಿ ಬೇಕು. ಪಕ್ಕದಲ್ಲಿದ್ದ ಪಾಪದ ಎಂ ಅಕ್ಷರವನ್ನು ಎಳೆದುಕೊಂಡು ಮತ್ತೊಂದು ಚೀನೀ ಅಕ್ಷರ ಮಾಡಿತ್ತು. ಅದಕ್ಕಿಂತ ಕೆಟ್ಟದ್ದು ಸಾಲಿನ ಕೊನೆಯಲ್ಲಿ ಆಗುತ್ತಿತ್ತು. ಕೆಫೆ ಎಂದು ಮುಗಿಯುವ ಸಾಲಿನಲ್ಲಿ ಗೀರಿನ ಇ ತನ್ನ ಮುಂದಿದ್ದ ಹೊಸಸಾಲಿನ ಸಂಕೇತವನ್ನೇ ನುಂಗಿ, ಕೆಳಗಿನ ತಿನಿಸು ಮೇಲಿನ ಸಾಲಿಗೆ ಅಂಟಿಕೊಂಡಿತ್ತು. ಹೆಸರು ಕೆಟ್ಟರೆ ಮಾಮಾ ಊಹಿಸಬಲ್ಲರು. ಎರಡು ತಿನಿಸು ಒಂದೇ ಸಾಲಿಗೆ ಬಂದರೆ ಒಂದು ಮೇಜಿನವರು ಕಾಯುತ್ತಲೇ ಇರುತ್ತಾರೆ. ಅರ್ಧ ದುರಸ್ತಿ ಎನ್ನುವುದು ಪೂರ್ತಿ ಕೆಟ್ಟದ್ದಕ್ಕಿಂತ ಅಪಾಯ.

ಚೀನೀ ಮೋಡನ್ನು ನಿಲ್ಲಿಸುವ ಆಜ್ಞೆ ಎರಡೇ ಬೈಟ್: 28, 46. ಅಡುಗೆಮನೆಯ ಪ್ರಿಂಟರ್ ನೆಟ್‌ವರ್ಕ್ ಕೇಬಲ್ಲಿನಲ್ಲಿದೆ. ನನ್ನ ಲ್ಯಾಪ್‌ಟಾಪಿನಿಂದ ಅದರ 9100ನೇ ಪೋರ್ಟಿಗೆ ನೇರವಾಗಿ ಆ ಎರಡು ಬೈಟುಗಳನ್ನೂ ಹಿಂದೆಯೇ ಕ್ರೆಮ್ ಬ್ರೂಲೆಯನ್ನೂ ಕಳಿಸಿದೆ. ಬೆಕ್ಕೂ ಇಲ್ಲ, ಹುಲ್ಲೂ ಇಲ್ಲ. ಆಜ್ಞೆಯನ್ನು ತಂತ್ರಾಂಶದ ಮೊದಲಿಗೆ ಸೇರಿಸಿ ಚೀಟಿ ತೆಗೆಸಿದೆ. ತಲೆಬರಹದಲ್ಲಿದ್ದ ಕೆಫೆ ಸರಿಯಾಗಿ ಬಂದಿತು. ಕೆಳಗೆ ತಿನಿಸುಗಳ ಪಟ್ಟಿಯಲ್ಲಿ ಬೆಕ್ಕು ಮತ್ತೆ ಹಾಜರ್.

ಇಲ್ಲಿ ಒಂದೂವರೆ ತಾಸು ಹೋಯಿತು. ಪ್ರಿಂಟರಿನಲ್ಲಿ ಏನೋ ದೋಷವಿದೆ ಎಂದುಕೊಂಡೆ, ಕೇಬಲ್ ಬದಲಿಸಿದೆ, ಕೊನೆಗೆ ಬುದ್ಧಿ ಬಂದು ಬೈಟುಗಳ ಕಡತವನ್ನು ಸಾಲುಸಾಲಾಗಿ ಓದಿದೆ. ತಲೆಬರಹವನ್ನು ದಪ್ಪಗೆ, ದೊಡ್ಡದಾಗಿ ಮುದ್ರಿಸಿದ ಮೇಲೆ ಸಾಧಾರಣ ಗಾತ್ರಕ್ಕೆ ಮರಳಲು ಆ ಹುಡುಗ 27, 64 ಕಳಿಸುತ್ತಿದ್ದ. ಅದು ಗಾತ್ರದ ಆಜ್ಞೆಯಲ್ಲ, ಪ್ರಿಂಟರನ್ನು ಮೊದಲಿನ ಸ್ಥಿತಿಗೆ ತರುವ ಆಜ್ಞೆ. ದೀಪ ಆರಿಸಲು ಹೋಗಿ ಮೇನ್ ಸ್ವಿಚ್ ತೆಗೆದಂತೆ. ಗಾತ್ರದ ಜತೆಗೆ ನಾನು ಹೇಳಿದ್ದನ್ನೆಲ್ಲ ಮರೆತು ಪ್ರಿಂಟರ್ ತವರಿನ ಚೀನೀ ಮೋಡಿಗೆ ಓಡಿಹೋಗುತ್ತಿತ್ತು. ಆ ಸಾಲನ್ನು ತೆಗೆದು, ಗಾತ್ರಕ್ಕೆ 29, 33, 0 ಎಂದೂ ದಪ್ಪ ಅಕ್ಷರ ನಿಲ್ಲಿಸಲು 27, 69, 0 ಎಂದೂ ಹಾಕಿದೆ. ಈಗ ಕ್ರಮ ಹೀಗೆ: ಚೀಟಿಯ ಆರಂಭದಲ್ಲಿ ಒಂದೇ ಸಲ 27, 64, ಅದರ ಬೆನ್ನಿಗೇ 28, 46, ಆಮೇಲೆ ಕೋಡ್ ಪೇಜ್. ನಡುವೆ ಎಲ್ಲಿಯೂ 27, 64 ಬರಕೂಡದು.

ಗುರುವಾರ ಬೆಳಿಗ್ಗೆ ವೈನಿಯ ಫೋನ್. ಬೆಕ್ಕು ಹೋಗಿದೆ, ಆದರೆ ಪಾವ್ ಆರ್ಡರ್ ಮಾಡಿದರೆ ಚೀಟಿಯೇ ಬರುವುದಿಲ್ಲ.

ಪಾವ್ ಎಂಬುದು ಪೋರ್ಚುಗೀಸರಿಂದ ನಮಗೆ ಬಂದ ಮಾತು. ಅವರು ಎ ಅಕ್ಷರದ ಮೇಲೆ ಅಲೆ ಹಾಕಿ ಬರೆಯುತ್ತಾರೆ, ಗೋವಾದಿಂದ ಬಂದ ಹುಡುಗನೂ ಹಾಗೆಯೇ ಬರೆದಿದ್ದ. ಬೆಳಗಾವಿಯಲ್ಲಿ ಪಾವ್ ಎಂದರೆ ಕೂಸಿಗೂ ತಿಳಿಯುತ್ತದೆ, ಅಲೆ ಯಾಕೆ ಬೇಕು ಎಂದು ಕೇಳಬಹುದಿತ್ತು. ಕೇಳಲಿಲ್ಲ. 437ರಲ್ಲಿ ಅಲೆಯ ಎ ಇಲ್ಲವೇ ಇಲ್ಲ. ಪೈಥಾನ್ ಈ ಅಕ್ಷರವನ್ನು ಏನು ಮಾಡಲಿ ಎಂದು ಕೈಚೆಲ್ಲಿ ಇಡೀ ಚೀಟಿಯನ್ನೇ ನಿಲ್ಲಿಸುತ್ತಿತ್ತು. ಪೋರ್ಚುಗೀಸಿಗೆಂದೇ 860 ಎಂಬ ಕೋಡ್ ಪೇಜ್ ಇದೆ, ಆಜ್ಞೆ 27, 116, 3. ಹಾಕಿದೆ. ಪಾವ್ ಬಂದಿತು, ಬ್ರೂಲೆ ನಿಂತಿತು: 860ರಲ್ಲಿ ಚಾವಣಿ ಹೊತ್ತ ಯು ಇಲ್ಲ. 437ರಲ್ಲಿ ಅದು ಕುಳಿತಿದ್ದ 150ನೇ ಮನೆಯನ್ನು ಪೋರ್ಚುಗೀಸರು ತಮ್ಮ ದೊಡ್ಡ ಯು ಅಕ್ಷರಕ್ಕೆ ಕೊಟ್ಟುಕೊಂಡಿದ್ದಾರೆ. ಫ್ರೆಂಚರ ಸಿಹಿಯೂ ಪೋರ್ಚುಗೀಸರ ರೊಟ್ಟಿಯೂ ಒಂದೇ ಮನೆಯಲ್ಲಿ ಸಿಗಬೇಕೆಂದರೆ 850. ಅಲ್ಲಿ ಚಾವಣಿಯ ಯು 150, ಅಲೆಯ ಎ 198, ಅಲೆಯ ಎನ್ 164. ಕೋಷ್ಟಕದ ಗೆರೆಗಳಲ್ಲಿ ಕೆಲವನ್ನು ಬಲಿಕೊಟ್ಟು 850 ಈ ಅಕ್ಷರಗಳಿಗೆ ಜಾಗ ಮಾಡಿದೆ. ನಮ್ಮ ಬಿಲ್ಲಿನಲ್ಲಿರುವುದು ಒಂದು ಅಡ್ಡಗೆರೆ, ಅದಕ್ಕೆ ಧಕ್ಕೆಯಿಲ್ಲ. ಆಜ್ಞೆ 27, 116, 2. ಎರಡೂ ಪ್ರಿಂಟರುಗಳ ಜಾತಕದಲ್ಲಿ 850 ಇದೆ ಎಂದು ನೋಡಿಕೊಂಡೇ ಹಾಕಿದೆ.

ಮುಂದೆ ಯಾವ ಅಕ್ಷರ ಸಿಗದಿದ್ದರೂ ಚೀಟಿ ನಿಲ್ಲಬಾರದು, ಪ್ರಶ್ನಾರ್ಥಕ ಹಾಕಿ ಮುಂದುವರಿಯಲಿ ಎಂದು ಒಂದು ಮಾತು ಸೇರಿಸಿದೆ. ರೂಪಾಯಿ ಚಿಹ್ನೆಯೂ ಇಲ್ಲಿ ಸಿಗುವುದಿಲ್ಲ. ಅದು ಹುಟ್ಟಿದ್ದೇ 2010ರಲ್ಲಿ, ಈ ಕೋಡ್ ಪೇಜುಗಳೆಲ್ಲ ಅದಕ್ಕಿಂತ ಎಷ್ಟೋ ಹಳೆಯವು. ತಂತ್ರಾಂಶ ಬರೆದ ಹುಡುಗ ಮೊದಲೇ ಇಂಗ್ಲಿಷಿನಲ್ಲಿ ಆರ್‌ಎಸ್ ಎಂದು ಹಾಕಿದ್ದ. ಹಾಗೆಯೇ ಬಿಟ್ಟೆ.

ಆ ಪ್ರಶ್ನಾರ್ಥಕವೇ ಮಧ್ಯಾಹ್ನ ಹೊಸ ತಮಾಷೆ ತೋರಿಸಿತು. ತಲೆಬರಹದ ಕೆಫೆ ಸರಿ, ಪಟ್ಟಿಯಲ್ಲಿದ್ದ ಕೆಫೆ ಲಾತೆ ಮಾತ್ರ ‘ಕೆಫೆ? ಲಾತೆ’ ಎಂದು ಬರುತ್ತಿತ್ತು. ಕಾಫಿ ಹೌದೋ ಅಲ್ಲವೋ ಎಂದು ಅಂಗಡಿಯೇ ಅನುಮಾನಪಟ್ಟಂತೆ. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಅಕ್ಷರಗಳನ್ನು ಎಣಿಸಿದರೆ ತಲೆಬರಹದ ಕೆಫೆಯಲ್ಲಿ ನಾಲ್ಕು, ಪಟ್ಟಿಯದರಲ್ಲಿ ಐದು. ಮೆನು ಬರೆದ ಹುಡುಗ ಆ ಹೆಸರನ್ನು ಯಾವುದೋ ಪಿಡಿಎಫ್‌ನಿಂದ ನಕಲು ಮಾಡಿದ್ದ. ಅಲ್ಲಿ ಗೀರಿನ ಇ ಒಂದೇ ಅಕ್ಷರವಾಗಿರಲಿಲ್ಲ. ಬರೀ ಇ, ಅದರ ಹಿಂದೆ ಬೇರೆಯಾಗಿ ಒಂದು ಗೀರು. ಲೋಕದ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯುನಿಕೋಡ್ ಎರಡನ್ನೂ ಒಪ್ಪುತ್ತದೆ.

ಕನ್ನಡದವರಿಗೆ ಇದು ಹೊಸತಲ್ಲ, ಗಮನಿಸಿರುವುದಿಲ್ಲ ಅಷ್ಟೆ. ‘ಕೋ’ ಬರೆಯುವಾಗ ಓತ್ವ ಒಂದೇ ಸಂಕೇತವಾಗಿರಬಹುದು. ಇಲ್ಲವೇ ಎತ್ವ, ಕೊಂಬಿನ ದೀರ್ಘ, ಕೊನೆಯ ದೀರ್ಘದ ಚಿಹ್ನೆ ಎಂದು ಮೂರು ಬಿಡಿ ಸಂಕೇತಗಳಾಗಿರಬಹುದು. ಕಾಗದದ ಮೇಲೆ ಎರಡೂ ‘ಕೋ’. ಹುಡುಕಲು ಹೋದಾಗ ಮಾತ್ರ ಒಂದು ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಬಿಡಿ ತುಂಡುಗಳನ್ನು ಕೂಡಿಸಿ ಒಂದಾಗಿಸುವ ಕೆಲಸ ಪೈಥಾನಿನಲ್ಲಿ ಒಂದೇ ಸಾಲು. ಎನ್‌ಎಫ್‌ಸಿ ಎಂದು ಅದರ ಹೆಸರು. ಅಕ್ಷರಗಳನ್ನು ಬೈಟುಗಳಾಗಿ ಬದಲಿಸುವ ಮೊದಲು ಅದನ್ನು ಹಾಕಿದೆ. ಅನುಮಾನ ಹೋಯಿತು.

ಕೆಲಸ ಮುಗಿಯಿತೆಂದು ಚೀಲಕ್ಕೆ ಲ್ಯಾಪ್‌ಟಾಪ್ ಹಾಕುತ್ತಿದ್ದಾಗ ಮಾಮಾ ಕೇಳಿದರು: “ಸಾಹೇಬರೇ, ಗೀರು, ಟೋಪಿ ಎಲ್ಲ ಸರಿ. ಆದರೆ ನಾನು ಇದನ್ನು ಓದುವುದು ಹೇಗೆ? ಕನ್ನಡದಲ್ಲಿ ಬರುವುದಿಲ್ಲವೇ?”

ಮೂರು ದಿನದಿಂದ ಯಾರಿಗೆ ಬೇಕಾಗಿ ಒದ್ದಾಡುತ್ತಿದ್ದೆನೋ ಅವರನ್ನು ನಾನು ಒಂದು ಮಾತು ಕೇಳಿರಲಿಲ್ಲ. ಬಿಲ್ಲು ಗಿರಾಕಿಗೆ ಹೋಗುತ್ತದೆ, ಅಲ್ಲಿ ಗೀರು ಇರಲಿ. ಅಡುಗೆಮನೆಯ ಚೀಟಿ ಓದುವವರು ಮಾಮಾ ಒಬ್ಬರೇ.

ಕನ್ನಡಕ್ಕೆ ಈ ಪ್ರಿಂಟರುಗಳಲ್ಲಿ ಕೋಡ್ ಪೇಜ್ ಇಲ್ಲ. ಇದ್ದರೂ ಒತ್ತಕ್ಷರಗಳನ್ನು ಒಂದರ ಕೆಳಗೊಂದು ಕೂರಿಸುವ ಬುದ್ಧಿ ಅವಕ್ಕಿಲ್ಲ. ಅಕ್ಷರವಾಗಿ ಕಳಿಸದೆ ಚಿತ್ರವಾಗಿ ಕಳಿಸಬೇಕು. 80 ಮಿಲಿಮೀಟರ್ ರೋಲಿನಲ್ಲಿ ಮುದ್ರಣದ ಅಗಲ 72 ಮಿಲಿಮೀಟರ್; ಮಿಲಿಮೀಟರಿಗೆ ಎಂಟು ಚುಕ್ಕಿಯಂತೆ ಅಡ್ಡಲಾಗಿ 576 ಚುಕ್ಕಿ. ಬೈಟಿಗೆ ಎಂಟು ಚುಕ್ಕಿ ಎಂದರೆ ಒಂದು ಗೆರೆಗೆ 72 ಬೈಟ್. ಒಂದು ಹೆಸರಿಗೆ 40 ಚುಕ್ಕಿ ಎತ್ತರ ಇಟ್ಟರೆ 2,880 ಬೈಟ್. ಗೀರು ಸಮೇತ ಇಂಗ್ಲಿಷಿನ ಕ್ರೆಮ್ ಬ್ರೂಲೆ 12 ಬೈಟುಗಳಲ್ಲಿ ಮುಗಿದಿತ್ತು. ದುಬಾರಿ ಎನಿಸಿತು, ಆದರೆ ನೆಟ್‌ವರ್ಕ್ ಕೇಬಲ್ಲಿಗೆ ಇದು ಲೆಕ್ಕಕ್ಕೇ ಇಲ್ಲ. ಆಜ್ಞೆ 29, 118, 48, 0, ಅದರ ಮುಂದೆ ಅಗಲ 72, 0 ಮತ್ತು ಎತ್ತರ 40, 0, ಆಮೇಲೆ ಚುಕ್ಕಿಗಳು.

ಚಿತ್ರ ಬಿಡಿಸಲು ಪಿಲ್ಲೋ ಎಂಬ ಪೈಥಾನ್ ಸಾಧನವನ್ನು ಬಳಸಿದೆ. ಮೊದಲ ಚೀಟಿಯಲ್ಲಿ ‘ಕ್‌ರೆಮ್ ಬ್‌ರೂಲೆ’ ಎಂದು ಬಂದಿತು. ರ ಒತ್ತು ಕೆಳಗೆ ಇಳಿಯದೆ ಶಾಲೆಯಲ್ಲಿ ಹೊರಗೆ ನಿಲ್ಲಿಸಿದ ಹುಡುಗನಂತೆ ಪಕ್ಕದಲ್ಲಿ ನಿಂತಿತ್ತು. ಪಿಲ್ಲೋ ತಾನಾಗಿ ಅಕ್ಷರಗಳನ್ನು ಒಂದರ ಪಕ್ಕ ಒಂದು ಇಡುತ್ತದೆ ಅಷ್ಟೆ. ಕನ್ನಡದಂಥ ಲಿಪಿಗೆ ರಾಕಮ್ ಎಂಬ ಇನ್ನೊಂದು ಗ್ರಂಥಾಲಯ ಜತೆಗಿರಬೇಕು. ಅದನ್ನು ಕೂರಿಸಿದ ಮೇಲೆ ಒತ್ತು ತನ್ನ ಜಾಗಕ್ಕೆ ಹೋಯಿತು. ಮೆನುವಿನ ಕಡತದಲ್ಲಿ ಪ್ರತಿ ತಿನಿಸಿನ ಎದುರು ಕನ್ನಡ ಹೆಸರಿಗೆ ಒಂದು ಕಾಲಂ ಸೇರಿಸಿದೆ. ವೈನಿಯ ಮಗಳು ಅರ್ಧ ತಾಸಿನಲ್ಲಿ ತುಂಬಿಕೊಟ್ಟಳು. ಕನ್ನಡ ಹೆಸರು ಖಾಲಿ ಇದ್ದರೆ 850ರಲ್ಲಿ ಇಂಗ್ಲಿಷ್ ಹೆಸರೇ ಬರುತ್ತದೆ.

ಹೊರಡುವ ಮೊದಲು ಒಂದು ಪರೀಕ್ಷೆ ಮಾಡಿದೆ. ಚೀಟಿ ಬರುತ್ತಿರುವಾಗಲೇ ಅಡುಗೆಮನೆ ಪ್ರಿಂಟರಿನ ಪ್ಲಗ್ ಕಿತ್ತು ಮತ್ತೆ ಹಾಕಿದೆ, ಮಳೆಗಾಲದಲ್ಲಿ ವಿದ್ಯುತ್ ಮಾಡುವ ಕೆಲಸವೇ ಅದು. ಎಚ್ಚರವಾದಾಗ ಪ್ರಿಂಟರ್ ಚೀನೀ ಮೋಡಿನಲ್ಲೇ ಎದ್ದಿರುತ್ತದೆ, ಆದರೆ ಪ್ರತಿ ಚೀಟಿಯ ತಲೆಯಲ್ಲಿ 28, 46 ಇರುವುದರಿಂದ ಮುಂದಿನ ಚೀಟಿ ಸರಿಯಾಗಿಯೇ ಬಂದಿತು. ಅರ್ಧಕ್ಕೆ ನಿಂತ ಚೀಟಿ ಮಾತ್ರ ಕಳೆದುಹೋಗುತ್ತದೆ. ಅದನ್ನು ಗಲ್ಲೆಯಿಂದ ಮತ್ತೊಮ್ಮೆ ಕಳಿಸುವ ಗುಂಡಿ ಇಲ್ಲ. ಅದು ಇನ್ನೊಂದು ದಿನದ ಕೆಲಸ.

ಭಾನುವಾರ ಸಂಜೆ ಕುಂದಾ ಕಟ್ಟಿಸಿಕೊಳ್ಳಲು ಹೋಗಿದ್ದೆ. ಮೇಜುಗಳೆಲ್ಲ ತುಂಬಿದ್ದವು, ಒಂದು ಮೇಜಿನಲ್ಲಿ ಗೋವಾದಿಂದ ಬಂದವರು. ಚೀಟಿಯಲ್ಲಿ ಈಗ ‘ಕ್ರೆಮ್ ಬ್ರೂಲೆ’ ಎಂದು ಸ್ವಚ್ಛ ಕನ್ನಡದಲ್ಲೇ ಬರುತ್ತಿದೆ, ನಾನೇ ನೋಡಿದೆ. ಮಾಮಾ ಮಾತ್ರ ಅಡುಗೆಮನೆಯ ಕಿಟಕಿಗೆ ಎರಡು ಬಟ್ಟಲು ತಳ್ಳಿ ಮರಾಠಿಯ ಮಾತು ಸೇರಿಸಿ ಕೂಗಿದರು: “ಎರಡು ಮಾಂಜರ ತಯಾರ್!”

ಮಾಂಜರ ಎಂದರೆ ಬೆಕ್ಕು. ಕೊಂಕಣಿಯವರಿಗೂ ಹೆಚ್ಚುಕಡಿಮೆ ಅದೇ ಕೇಳಿಸುತ್ತದೆ. ಗೋವಾದ ಮೇಜಿನವರು ಮೆನುವನ್ನು ಕೈಗೆತ್ತಿಕೊಂಡು ಮತ್ತೊಮ್ಮೆ ಮೊದಲಿನಿಂದ ಓದತೊಡಗಿದರು.